ಆಟದ ಪೀರಿಯಡ್‌ಗೂ ಪಾಠ ಯೋಜನೆ ಬೇಕು: ಶಾಲಾ ಶಿಕ್ಷಣ ಇಲಾಖೆಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆಯುಕ್ತರು,
ಶಾಲಾ ಶಿಕ್ಷಣ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಸರ್ಕಾರಿ ಶಾಲೆಗಳ ದೈಹಿಕ ಶಿಕ್ಷಣದ ಅವಧಿಗಳನ್ನು ಯೋಜಿತ ಪಾಠಗಳಾಗಿ ನಡೆಸಲು ಬೇಕಾದ ಸಮಯ, ಸಾಮಗ್ರಿ ಮತ್ತು ಮಾರ್ಗದರ್ಶನವನ್ನು ಒದಗಿಸುವ ಕುರಿತು.

ಮಾನ್ಯರೇ,

ನಾನು 31 ವರ್ಷ ಸರ್ಕಾರಿ ಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿ ಕೆಲಸ ಮಾಡಿ ನಿವೃತ್ತನಾದವನು. ನಮ್ಮ ವೃತ್ತಿಯವರಿಂದ ತಮ್ಮ ಕಚೇರಿಗೆ ಬರುವ ಪತ್ರಗಳಲ್ಲಿ ಬಡ್ತಿ, ವೇತನ, ವರ್ಗಾವಣೆ, ಖಾಲಿ ಹುದ್ದೆಗಳ ವಿಚಾರವೇ ಹೆಚ್ಚಾಗಿರುತ್ತದೆ, ಅವೆಲ್ಲವೂ ನ್ಯಾಯವಾದ ಬೇಡಿಕೆಗಳೇ. ಆದರೆ ಈ ಪತ್ರವನ್ನು ನಾನು ಶಿಕ್ಷಕರ ಪರವಾಗಿ ಬರೆಯುತ್ತಿಲ್ಲ. ವಾರಕ್ಕೆ ಎರಡು ಸಲ ಮೈದಾನಕ್ಕೆ ಬಂದು, ಏನನ್ನೂ ಕಲಿಯದೆ ತರಗತಿಗೆ ಹಿಂತಿರುಗುವ ಮಕ್ಕಳ ಪರವಾಗಿ ಬರೆಯುತ್ತಿದ್ದೇನೆ.

ಕಳೆದ ಜುಲೈ ತಿಂಗಳಲ್ಲಿ ಪರಿಚಯದ ಮುಖ್ಯ ಶಿಕ್ಷಕರೊಬ್ಬರು ಕರೆದರೆಂದು ಅವರ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಮಧ್ಯಾಹ್ನದ ಎರಡನೇ ಅವಧಿ, ಆರನೇ ತರಗತಿಯ ಆಟದ ಪೀರಿಯಡ್, 46 ಮಕ್ಕಳು. ನಾನು ಹೊಂಗೆ ಮರದ ಕೆಳಗೆ ಕುಳಿತು, ಹಸಿರು ರಿಬ್ಬನ್ ಕಟ್ಟಿಕೊಂಡಿದ್ದ ಒಬ್ಬ ಹುಡುಗಿಯನ್ನು ಮಾತ್ರ ಪೂರ್ತಿ 40 ನಿಮಿಷ ಗಮನಿಸಿದೆ. ಕೈಯಲ್ಲಿ ಗಡಿಯಾರವಿತ್ತು. ಅವಳು ಚಲಿಸಿದಾಗ ಸಮಯವನ್ನು ಗುರುತು ಹಾಕಿಕೊಳ್ಳುತ್ತಿದ್ದೆ, ನಿಂತಾಗ ನಿಲ್ಲಿಸುತ್ತಿದ್ದೆ. ಸಾಲು ನಿಲ್ಲಿಸಿ, ಎತ್ತರದ ಪ್ರಕಾರ ಜೋಡಿಸಿ, ಹಾಜರಿ ಕರೆದು, ಸಾವಧಾನ್ ವಿಶ್ರಾಮ್ ಮುಗಿಯುವ ಹೊತ್ತಿಗೆ 11 ನಿಮಿಷ ಕಳೆದಿತ್ತು. ಬಳಿಕ ಮೈದಾನಕ್ಕೆ ಒಂದು ಸುತ್ತು ಓಟ. ಅಷ್ಟರಲ್ಲಿ ಯಾವುದೋ ಆನ್‌ಲೈನ್ ಮಾಹಿತಿ ತುರ್ತಾಗಿ ತುಂಬಬೇಕೆಂದು ಶಿಕ್ಷಕರಿಗೆ ಆಫೀಸ್ ರೂಮಿನಿಂದ ಕರೆ ಬಂತು. ಅವರು ಗಂಡುಮಕ್ಕಳಿಗೆ ಒಂದು ವಾಲಿಬಾಲು, ಹೆಣ್ಣುಮಕ್ಕಳಿಗೆ ಒಂದು ಥ್ರೋಬಾಲು ಕೊಟ್ಟು ಹೋದರು. 22 ಹೆಣ್ಣುಮಕ್ಕಳು ವೃತ್ತಾಕಾರವಾಗಿ ನಿಂತು ಚೆಂಡು ಎಸೆದಾಡಿದರು. ನಾನು ನೋಡುತ್ತಿದ್ದ ಹುಡುಗಿಯ ಕೈಗೆ ಚೆಂಡು ಬಂದದ್ದು ಮೂರು ಸಲ, ಅದರಲ್ಲಿ ಹಿಡಿದದ್ದು ಒಂದು ಸಲ. ಕೊನೆಯ ಹತ್ತು ನಿಮಿಷ ಅವಳು ಕುಕ್ಕರುಗಾಲಲ್ಲಿ ಕುಳಿತು ಕಡ್ಡಿಯಿಂದ ಮಣ್ಣಿನಲ್ಲಿ ಏನೋ ಬರೆಯುತ್ತಿದ್ದಳು. ಬೆಲ್ ಹೊಡೆದಾಗ ನನ್ನ ಲೆಕ್ಕ ಕೂಡಿಸಿದೆ. 40 ನಿಮಿಷಗಳಲ್ಲಿ ಅವಳ ಮೈ ಚಲಿಸಿದ್ದು ಮೂರು ನಿಮಿಷ 40 ಸೆಕೆಂಡು.

ಆ ಶಿಕ್ಷಕರು ಸೋಮಾರಿಯಲ್ಲ. ನಿಷ್ಠೆಯಿಂದ ಕೆಲಸ ಮಾಡುವವರು, ಮಕ್ಕಳಿಗೆ ಪ್ರಿಯರಾದವರು. ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಬೆಳಗಿನ ಆರೂವರೆಗೇ ಬಂದು ತಂಡ ಕಟ್ಟುತ್ತಾರೆ. ಆದರೆ ಆ ದಿನದ ಅವಧಿಯಲ್ಲಿ 46 ಮಕ್ಕಳು ಏನನ್ನು ಕಲಿಯಬೇಕಿತ್ತು ಎಂದು ಕೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸರ್, ಅದನ್ನ ಇದುವರೆಗೂ ಯಾರೂ ಕೇಳಿಲ್ಲ’ ಎಂದರು. ಈ ಪತ್ರ ಹುಟ್ಟಿದ್ದು ಆ ಉತ್ತರದಿಂದ.

ಅವರನ್ನು ದೂರುವ ಹಕ್ಕು ನನಗಿಲ್ಲ, ಏಕೆಂದರೆ ನಾನೂ ಹಾಗೆಯೇ ಇದ್ದೆ. ದೈಹಿಕ ಶಿಕ್ಷಣದ ಪದವಿಯಾದ ಬಿ.ಪಿ.ಇಡಿ. ಓದುವಾಗ ನಾವೆಲ್ಲ ಪಾಠ ಯೋಜನೆ ಬರೆದವರೇ. ಒಟ್ಟುಗೂಡುವುದು, ಮೈ ಬಿಸಿ ಮಾಡುವುದು, ಪ್ರಾತ್ಯಕ್ಷಿಕೆ, ವಿವರಣೆ, ಅಭ್ಯಾಸ, ಪೂರಕ ಆಟ, ಪುನಃ ಒಟ್ಟುಗೂಡಿ ಚದುರುವುದು ಎಂದು ಅಂಕಣ ಗೆರೆ ಹಾಕಿ, ಚಿತ್ರ ಬರೆದು, ಬೋಧಕರಿಂದ ಸಹಿ ಮಾಡಿಸಿಕೊಂಡಿದ್ದೆವು. ಕೆಲಸ ಸಿಕ್ಕ ದಿನ ಆ ಪುಸ್ತಕ ಟ್ರಂಕಿನ ತಳ ಸೇರಿತು. ಗಣಿತ, ವಿಜ್ಞಾನದ ಶಿಕ್ಷಕರು ಪಾಠ ಟಿಪ್ಪಣಿ ಬರೆದು ಮುಖ್ಯ ಶಿಕ್ಷಕರ ಸಹಿ ಪಡೆಯಬೇಕಿತ್ತು. ನನ್ನದನ್ನು ಯಾರೂ ಕೇಳಲಿಲ್ಲ, ಕೇಳಿದ ವರ್ಷ ಹಿಂದಿನ ವರ್ಷದ್ದನ್ನೇ ನಕಲು ಮಾಡಿ ಇಟ್ಟೆ.

ಸೇವೆಯ ಎಂಟನೇ ಅಥವಾ ಒಂಬತ್ತನೇ ವರ್ಷವಿರಬೇಕು. ಎಂಟನೇ ತರಗತಿಗೆ ಚೆಂಡು ಎಸೆಯುವುದನ್ನು ಕಲಿಸುತ್ತಿದ್ದೆ. ‘ಎಲ್ಲರೂ ಎಡಗಾಲು ಮುಂದೆ’ ಎನ್ನುವುದು ನನ್ನ ಆಜ್ಞೆ. ಒಬ್ಬ ಹುಡುಗಿ ಎಷ್ಟು ಹೇಳಿಕೊಟ್ಟರೂ ಚೆಂಡು ಹತ್ತು ಮಾರು ದಾಟುತ್ತಿರಲಿಲ್ಲ. ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ‘ಆಸಕ್ತಿ ಇಲ್ಲ’ ಎಂದು ಬರೆದಿದ್ದೆ. ಒಂದು ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೊರಗೆ ನಿಂತಿದ್ದಾಗ, ಅದೇ ಹುಡುಗಿ ಕಾಂಪೌಂಡಿನ ಆಚೆಯ ಹುಣಸೆಮರಕ್ಕೆ ಕಲ್ಲು ಬೀರುವುದನ್ನು ಕಂಡೆ. ಬಲಗಾಲು ಮುಂದಿಟ್ಟು, ಎಡಗೈಯಿಂದ ಬೀಸಿದಳು. ಕಲ್ಲು ಮರದ ನೆತ್ತಿಯನ್ನು ದಾಟಿ ಹೋಯಿತು. ಅವಳು ಎಡಗೈಯವಳು. ಎಡಗೈಯಿಂದ ಎಸೆಯುವವರು ಬಲಗಾಲನ್ನು ಮುಂದಿಡಬೇಕು. ಅವಳು ಎರಡು ವರ್ಷ ನನ್ನ ಮಾತನ್ನು ಪಾಲಿಸಿ ಎಡಗಾಲನ್ನೇ ಮುಂದಿಟ್ಟು, ತನ್ನ ಮೈಯ ಬಲವನ್ನೆಲ್ಲ ಕಳೆದುಕೊಂಡು ಎಸೆಯುತ್ತಿದ್ದಳು. ನನ್ನ ಪಾಠದಲ್ಲಿ ಅವಳಿಗೆ ಜಾಗವೇ ಇರಲಿಲ್ಲ, ಏಕೆಂದರೆ ನನ್ನಲ್ಲಿ ಪಾಠವೇ ಇರಲಿಲ್ಲ, ಆಜ್ಞೆ ಮಾತ್ರ ಇತ್ತು. ಅಂದು ಸಂಜೆ ಟ್ರಂಕಿನಿಂದ ಹಳೆಯ ಪುಸ್ತಕವನ್ನು ಹೊರತೆಗೆದೆ. ನಿವೃತ್ತಿಯ ದಿನದವರೆಗೂ ಪ್ರತಿ ತರಗತಿಗೆ ಹೋಗುವ ಮುನ್ನ ಒಂದು ಪುಟ, ಬಂದ ಮೇಲೆ ಮೂರು ಸಾಲು ಬರೆಯುವುದನ್ನು ಬಿಡಲಿಲ್ಲ.

ಮಾನ್ಯರೇ, ದೈಹಿಕ ಶಿಕ್ಷಣದ ಪಾಠ ಯೋಜನೆ ಎಂದರೆ ಅದು ಕಾಗದದ ಕೆಲಸ ಎಂಬ ಭಾವನೆ ನಮ್ಮ ಶಾಲೆಗಳಲ್ಲಿ ಬೇರೂರಿದೆ. ಅದು ಹಾಗಲ್ಲ ಎಂದು ತೋರಿಸಲು, ಮೇಲೆ ಹೇಳಿದ ಅದೇ 46 ಮಕ್ಕಳು, ಅದೇ 40 ನಿಮಿಷ, ಅದೇ ಮೈದಾನವನ್ನು ಇಟ್ಟುಕೊಂಡು ನಾನು ಹಲವು ವರ್ಷ ನಡೆಸಿದ ಒಂದು ಪಾಠವನ್ನು ಇಲ್ಲಿ ವಿವರಿಸಲು ಅನುಮತಿ ಕೋರುತ್ತೇನೆ. ಪಾಠದ ಉದ್ದೇಶ ಒಂದೇ: ಖೋ ಖೋ ಆಟದಲ್ಲಿ ಸರಿಯಾಗಿ ಖೋ ಕೊಡುವುದು ಮತ್ತು ಪಡೆದವರು ತಡವಿಲ್ಲದೆ ಏಳುವುದು. ಅದನ್ನು ಬಿಟ್ಟು ಕಂಬ ಸುತ್ತುವುದು, ಡೈವ್ ಮಾಡುವುದು ಯಾವುದೂ ಆ ದಿನದ ಪಾಠದಲ್ಲಿಲ್ಲ. ಒಂದು ಅವಧಿಗೆ ಒಂದೇ ಉದ್ದೇಶ ಎಂಬುದನ್ನು ಕಲಿಯಲು ನನಗೆ ವರ್ಷಗಳೇ ಹಿಡಿದವು.

ಮಕ್ಕಳನ್ನು ತಿಂಗಳ ಆರಂಭದಲ್ಲೇ ಆರು ಗುಂಪು ಮಾಡಿರುತ್ತೇನೆ, ನಾಲ್ಕು ಗುಂಪಿನಲ್ಲಿ ಎಂಟೆಂಟು, ಎರಡರಲ್ಲಿ ಏಳೇಳು. ನಾಯಕರನ್ನು ನಿಲ್ಲಿಸಿ ‘ನಿಮಗೆ ಬೇಕಾದವರನ್ನು ಆರಿಸಿಕೊಳ್ಳಿ’ ಎಂದು ಎಂದೂ ಹೇಳುವುದಿಲ್ಲ. ಕೊನೆಯವರೆಗೂ ಯಾರೂ ಕರೆಯದೆ ಉಳಿದ ಮಗುವಿನ ಮುಖವನ್ನು ಒಮ್ಮೆ ನೋಡಿದವರು ಆ ಪದ್ಧತಿಯನ್ನು ಮುಂದುವರಿಸಲಾರರು. ಸುಣ್ಣದ ಪುಡಿಯಲ್ಲಿ ಹಾಕಿದ ತಮ್ಮ ತಮ್ಮ ಗುರುತಿನ ಬಳಿ ಗುಂಪುಗಳು ಬಂದು ನಿಂತರೆ ಯಾರು ಗೈರುಹಾಜರೆಂದು ಒಂದು ನೋಟಕ್ಕೆ ತಿಳಿಯುತ್ತದೆ. ಇದಕ್ಕೆ ಮೂರು ನಿಮಿಷ. ಮುಂದಿನ ಆರು ನಿಮಿಷ ಮೈ ಬಿಸಿ ಮಾಡುವ ಮುಟ್ಟಾಟ. ಅದೂ ಖೋ ಖೋಗೆ ಬೇಕಾದ ಹಾಗೆ, ದಿಢೀರ್ ನಿಂತು ದಿಕ್ಕು ಬದಲಿಸುವಂಥದ್ದು, ಸಿಕ್ಕಿಬಿದ್ದವರು ಹೊರಗೆ ಹೋಗದೆ ಹಿಡಿಯುವವರ ಜೊತೆ ಸೇರುವಂಥದ್ದು. ಔಟಾದವರನ್ನು ಹೊರಗೆ ಕೂರಿಸುವ ಆಟಗಳಲ್ಲಿ ಮೊದಲು ಔಟಾಗುವುದು ಹೆಚ್ಚು ಅಭ್ಯಾಸ ಬೇಕಾದ ಮಗುವೇ. ಹಾಗಿರುವಾಗ ಅಭ್ಯಾಸವನ್ನು ಅವರಿಂದಲೇ ಕಿತ್ತುಕೊಳ್ಳುವುದು ಯಾವ ಶಿಕ್ಷಣ?

ನಂತರ ನಾಲ್ಕು ನಿಮಿಷ ಪ್ರಾತ್ಯಕ್ಷಿಕೆ. ಮಕ್ಕಳು ಸೂರ್ಯನಿಗೆ ಬೆನ್ನು ಮಾಡಿ ಕೂರಬೇಕು, ಬಿಸಿಲು ಶಿಕ್ಷಕನ ಕಣ್ಣಿಗೆ ಬೀಳಬೇಕು. ಇಬ್ಬರು ಮಕ್ಕಳಿಂದ ಮೂರು ಸಲ ಮಾಡಿಸಿ ತೋರಿಸುತ್ತೇನೆ, ಮೊದಲನೆಯದು ಒಂದು ಮಾತೂ ಆಡದೆ. ಹಿಂದಿನಿಂದ ಬರಬೇಕು, ಬೆನ್ನು ಮುಟ್ಟುವುದೂ ‘ಖೋ’ ಎನ್ನುವುದೂ ಒಟ್ಟಿಗೆ ಆಗಬೇಕು, ಕುಳಿತವರು ಖೋ ಬೀಳುವ ಮುನ್ನ ಏಳಬಾರದು. ಮೂರೇ ಅಂಶ. ಹನ್ನೆರಡು ನಿಮಿಷ ಗುಂಪಿನ ಅಭ್ಯಾಸ: ಪ್ರತಿ ಗುಂಪಿಗೂ ಸುಣ್ಣದಲ್ಲಿ ಬರೆದ ನಾಲ್ಕು ಚೌಕ, ನಾಲ್ವರು ಕೂರುತ್ತಾರೆ, ಒಬ್ಬರು ಖೋ ಕೊಡುತ್ತಾರೆ, ಉಳಿದವರು ಓಡುತ್ತಾರೆ, ನಿಮಿಷಕ್ಕೊಮ್ಮೆ ಸೀಟಿ ಊದಿದಾಗ ಪಾತ್ರ ಬದಲು. ಆ ಹೊತ್ತಿನಲ್ಲಿ ನಾನು ಆರೂ ಗುಂಪುಗಳ ಹೊರಗಿನಿಂದ ಸುತ್ತುತ್ತೇನೆ, ಮಧ್ಯೆ ನಿಲ್ಲುವುದಿಲ್ಲ. ಮಧ್ಯೆ ನಿಂತರೆ ಅರ್ಧ ಮಕ್ಕಳು ನನ್ನ ಬೆನ್ನ ಹಿಂದೆ ಬೀಳುತ್ತಾರೆ. ಬಳಿಕ ಹತ್ತು ನಿಮಿಷ ಮೂರು ಪುಟ್ಟ ಅಂಕಣಗಳಲ್ಲಿ ಎರಡೆರಡು ಗುಂಪುಗಳ ನಡುವೆ ನಿಜವಾದ ಆಟ. ಕೊನೆಯ ಐದು ನಿಮಿಷ ಉಸಿರು ಇಳಿಸುವುದು, ಎರಡು ಪ್ರಶ್ನೆ, ನೀರು.

ಇದಕ್ಕೆ ಖರ್ಚಾದದ್ದು ಒಂದು ಡಬ್ಬ ಸುಣ್ಣದ ಪುಡಿ. ಆದರೆ ಈ ಪಾಠದಲ್ಲಿ ಪ್ರತಿಯೊಂದು ಮಗುವೂ ಹತ್ತಾರು ಸಲ ಖೋ ಕೊಡುತ್ತದೆ, ಪಡೆಯುತ್ತದೆ, ಅವಧಿಯ ಅರ್ಧಕ್ಕಿಂತ ಹೆಚ್ಚು ಹೊತ್ತು ಬೆವರುತ್ತದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪನ್ನು ಭಾರತದ ಪುರುಷರ ಮತ್ತು ಮಹಿಳೆಯರ ತಂಡಗಳೆರಡೂ ಗೆದ್ದಾಗ, ಆ ತಂಡಗಳಲ್ಲಿ ನಮ್ಮ ರಾಜ್ಯದ ಎಂ.ಕೆ. ಗೌತಮ್ ಮತ್ತು ಬಿ. ಚೈತ್ರಾ ಇದ್ದರೆಂದು ನಾವೆಲ್ಲ ಹೆಮ್ಮೆಪಟ್ಟೆವು. ಆ ಹೆಮ್ಮೆ ಸರಿಯಾದದ್ದೇ. ಆದರೆ ನನ್ನ ಚಿಂತೆ ಇರುವುದು ಎಂದೂ ತಂಡಕ್ಕೆ ಆಯ್ಕೆಯಾಗದ ಉಳಿದ ಮಕ್ಕಳ ಬಗ್ಗೆ. ಅವರ ಮೈಗೂ ಓಡುವ, ಎಸೆಯುವ, ಜಿಗಿಯುವ ವಿದ್ಯೆ ಬೇಕು, ಅದು ಅವರಿಗೆ ಸಿಗುವ ಒಂದೇ ಜಾಗ ಈ ಪೀರಿಯಡ್.

ಯೋಜನೆ ಇದ್ದರೆ ಯಾರನ್ನೂ ಹೊರಗಿಡಬೇಕಾಗಿಲ್ಲ. ನಮ್ಮಲ್ಲಿ ಕಾಲಿನ ಬಲ ಕಡಿಮೆ ಇರುವ ಮಗುವಿಗೆ ಸ್ಕೋರ್ ಬರೆಯುವ ಕೆಲಸ ಕೊಟ್ಟು ಕೈತೊಳೆದುಕೊಳ್ಳುವ ರೂಢಿಯಿದೆ. ಜಾಗ, ಕೆಲಸ, ಸಾಮಗ್ರಿ, ಜೊತೆಗಾರರು ಎಂಬ ನಾಲ್ಕರಲ್ಲಿ ಯಾವುದಾದರೊಂದನ್ನು ಬದಲಿಸಿದರೆ ಆ ಮಗುವೂ ಆಟದ ಒಳಗೆ ಬರುತ್ತದೆ. ಅಂಕಣವನ್ನು ಚಿಕ್ಕದು ಮಾಡಬಹುದು, ಕೂರುವ ಬದಲು ಚೌಕದಲ್ಲಿ ನಿಂತೇ ಖೋ ಪಡೆಯಲು ಬಿಡಬಹುದು, ಕಣ್ಣು ಮಂದವಿರುವ ಮಗುವಿಗಾಗಿ ಚಿಂದಿ ಬಟ್ಟೆಯ ಚೆಂಡಿನೊಳಗೆ ಗೆಜ್ಜೆ ಸೇರಿಸಿ ಹೊಲಿಯಬಹುದು. ನಮ್ಮ ಶಾಲೆಯ ಅಡುಗೆಯವರು ಅಂಥ ನಾಲ್ಕು ಚೆಂಡುಗಳನ್ನು ಒಂದೇ ಮಧ್ಯಾಹ್ನ ಹೊಲಿದುಕೊಟ್ಟಿದ್ದರು. ಇವೆಲ್ಲ ಅವಧಿ ಶುರುವಾದ ಮೇಲೆ ಹೊಳೆಯುವ ವಿಚಾರಗಳಲ್ಲ, ಹಿಂದಿನ ಸಂಜೆ ಕುಳಿತು ಯೋಚಿಸಿದಾಗ ಮಾತ್ರ ಹೊಳೆಯುತ್ತವೆ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಹೋಮ್‌ವರ್ಕ್ ಮಾಡದ ಮಗುವಿಗೆ ಮೈದಾನ ಸುತ್ತು ಹಾಕಿಸುವುದು, ಬಸ್ಕಿ ಹೊಡೆಸುವುದು ಈಗಲೂ ನಡೆಯುತ್ತಿದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ, ಅದು ಒಂದು ಮಾತು. ವ್ಯಾಯಾಮವನ್ನೇ ಶಿಕ್ಷೆಯನ್ನಾಗಿ ಮಾಡಿದರೆ ಆ ಮಗು ಜೀವಮಾನವಿಡೀ ಓಟವನ್ನು ದ್ವೇಷಿಸುತ್ತದೆ ಎಂಬುದು ಅದಕ್ಕಿಂತ ನೋವಿನ ಮಾತು. ನಾವು ಬಿತ್ತಬೇಕಾದ ಬೀಜವನ್ನು ನಮ್ಮ ಕೈಯಿಂದಲೇ ಹುರಿದು ಹಾಕುತ್ತಿದ್ದೇವೆ.

ಕಾನೂನು ನಮ್ಮ ಪರವಾಗಿಯೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಆಟದ ಮೈದಾನ, ಅಗತ್ಯಕ್ಕೆ ತಕ್ಕಂತೆ ಪ್ರತಿ ತರಗತಿಗೂ ಆಟದ ಸಾಮಗ್ರಿ ಇರಬೇಕೆನ್ನುತ್ತದೆ. 6ರಿಂದ 8ನೇ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಕಡೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಬೇಕೆನ್ನುತ್ತದೆ. ಅದೇ ಅನುಸೂಚಿಯಲ್ಲಿ ಶಿಕ್ಷಕರ ವಾರದ ಕೆಲಸ 45 ಗಂಟೆ ಎಂದು ಹೇಳುವಾಗ ‘ತಯಾರಿಯ ಸಮಯವೂ ಸೇರಿ’ ಎಂಬ ಮಾತಿದೆ. ಪಾಠದ ತಯಾರಿಗೆ ಕಾನೂನೇ ಸಮಯ ಕೊಟ್ಟಿದೆ. ದೈಹಿಕ ಶಿಕ್ಷಣ ಶಿಕ್ಷಕರ ಆ ಸಮಯ ಎಲ್ಲಿಗೆ ಹೋಗುತ್ತಿದೆ? ಪ್ರಾರ್ಥನೆ, ಶಿಸ್ತು, ಬಿಸಿಯೂಟದ ಸಾಲು, ಗೈರುಹಾಜರಾದ ಶಿಕ್ಷಕರ ತರಗತಿ ತುಂಬುವುದು, ಮತದಾರರ ಪಟ್ಟಿ, ಕಂಪ್ಯೂಟರಿಗೆ ಅಂಕಿಅಂಶ ಏರಿಸುವುದು, ಇವುಗಳಿಗೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಠ್ಯ ಮತ್ತು ಪಠ್ಯೇತರ ಎಂಬ ಗಟ್ಟಿ ಗೋಡೆ ಇರಬಾರದೆಂದಿತು. ಆ ಗೋಡೆ ಶಾಲೆಯ ವೇಳಾಪಟ್ಟಿಯಲ್ಲಿ ಹಾಗೆಯೇ ನಿಂತಿದೆ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವ ಚಟುವಟಿಕೆ ಬೇಕು. ವಾರಕ್ಕೆ 420 ನಿಮಿಷವಾಯಿತು. ನಾನು ಕೆಲಸ ಮಾಡಿದ ಶಾಲೆಗಳಲ್ಲಿ ಒಂದು ತರಗತಿಗೆ ವಾರಕ್ಕೆ ಸಿಗುತ್ತಿದ್ದದ್ದು 40 ನಿಮಿಷದ ಎರಡು ಅವಧಿ, ಅಂದರೆ 80 ನಿಮಿಷ. ಹಸಿರು ರಿಬ್ಬನ್ನಿನ ಹುಡುಗಿಯ ಲೆಕ್ಕದಲ್ಲಿ ನೋಡಿದರೆ ಆ 80 ನಿಮಿಷದಲ್ಲಿ ಮಗುವಿಗೆ ದಕ್ಕುವುದು ಏಳೆಂಟು ನಿಮಿಷ. ಅವಧಿಗಳನ್ನು ಹೆಚ್ಚಿಸಿ ಎಂದು ಕೇಳುವ ಮುನ್ನ, ಇರುವ ಅವಧಿಯಲ್ಲಿ ಕನಿಷ್ಠ ಅರ್ಧವನ್ನಾದರೂ ಚಲನೆಯಾಗಿ ಮಾಡುವುದು ನಮ್ಮ ಕರ್ತವ್ಯ. ಮನೆಗೆ ಹೋದ ಮೇಲೆ ಮೊಬೈಲು ಇದೆ, ಟ್ಯೂಷನ್ ಇದೆ. ಊರಿನ ಬಯಲುಗಳು ಸೈಟುಗಳಾಗಿವೆ. ಕುಂಟೆಬಿಲ್ಲೆ, ಲಗೋರಿ, ಚಿನ್ನಿದಾಂಡು ಆಡಿ ತಾನಾಗಿಯೇ ಬರುತ್ತಿದ್ದ ಒಂಟಿಕಾಲಿನ ಸಮತೋಲ, ಗುರಿ, ಕಣ್ಣು ಕೈಗಳ ಹೊಂದಿಕೆ ಇಂದಿನ ಹಲವು ಮಕ್ಕಳಿಗೆ ಬರುತ್ತಿಲ್ಲ. ಐದನೇ ತರಗತಿಯ ಮಗು ಒಂಟಿಕಾಲಿನಲ್ಲಿ ಹತ್ತು ಹೆಜ್ಜೆ ಕುಂಟಲಾರದೆ ಕೈ ಊರುವುದನ್ನು ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಮತ್ತೆ ಮತ್ತೆ ನೋಡಿದ್ದೇನೆ.

ಹೀಗಿರುವಾಗ ಇಲಾಖೆ ದೈಹಿಕ ಶಿಕ್ಷಣವನ್ನು ಅಳೆಯುತ್ತಿರುವ ಬಗೆಯನ್ನು ತಾವು ಒಮ್ಮೆ ಪರಿಶೀಲಿಸಬೇಕು. ತಪಾಸಣೆಗೆ ಬಂದವರು ಮೊದಲು ಕೇಳುವುದು ‘ಜಿಲ್ಲಾ ಮಟ್ಟಕ್ಕೆ ಎಷ್ಟು ಮಕ್ಕಳು ಹೋಗಿದ್ದಾರೆ’ ಎಂಬುದನ್ನು. ಒಂದು ಪೂರ್ತಿ ಅವಧಿಯನ್ನು ಮೈದಾನದಲ್ಲಿ ನಿಂತು ನೋಡಿದ ಅಧಿಕಾರಿಯನ್ನು ನಾನು ನನ್ನ 31 ವರ್ಷದಲ್ಲಿ ಎರಡೇ ಸಲ ಕಂಡಿದ್ದೇನೆ. ಆಗಸ್ಟ್, ಸೆಪ್ಟೆಂಬರ್ ತಿಂಗಳ ಕ್ರೀಡಾಕೂಟಗಳಿಗಾಗಿ ಹತ್ತಿಪ್ಪತ್ತು ಮಕ್ಕಳ ತಂಡವನ್ನು ತಯಾರು ಮಾಡುವಾಗ ಉಳಿದ ಮುನ್ನೂರು ಮಕ್ಕಳು ಪ್ರೇಕ್ಷಕರಾಗುತ್ತಾರೆ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ಶ್ರೇಣಿಗಳನ್ನು ಎಷ್ಟೋ ಕಡೆ ಮೈದಾನದಲ್ಲಿ ನೋಡಿ ಬರೆಯುವುದಿಲ್ಲ, ಸ್ಟಾಫ್ ರೂಮಿನಲ್ಲಿ ಕುಳಿತು ಹಾಜರಿ ಪುಸ್ತಕ ನೋಡಿ ತುಂಬುತ್ತಾರೆ. ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಫಿಟ್ನೆಸ್ ಪರೀಕ್ಷೆಗಳಲ್ಲಿ 50 ಮೀಟರ್ ಓಟ, 600 ಮೀಟರ್ ಓಟ ಅಥವಾ ನಡಿಗೆ, ಕುಳಿತು ಮುಂದೆ ಬಾಗುವುದು, ಪುಷ್ ಅಪ್ ಇವುಗಳನ್ನು ಅಳೆದು ಆ್ಯಪಿಗೆ ಏರಿಸಿದ ಶಾಲೆಗಳಿವೆ. ಅಲ್ಲಿಗೆ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ತರಗತಿಯ ಅರ್ಧದಷ್ಟು ಮಕ್ಕಳ ಬೆರಳು ಪಾದಕ್ಕೆ ಮುಟ್ಟುತ್ತಿಲ್ಲ ಎಂದು ಗೊತ್ತಾದ ಮೇಲೆ ಮುಂದಿನ ತಿಂಗಳ ಪಾಠದಲ್ಲಿ ಅದಕ್ಕೆ ಏನು ಮಾಡಿದೆವು ಎಂಬ ಪ್ರಶ್ನೆಯನ್ನು ಆ ಆ್ಯಪ್ ಕೇಳುವುದಿಲ್ಲ, ಮೇಲಿನವರೂ ಕೇಳುವುದಿಲ್ಲ.

ಎಸ್‌ಎಸ್‌ಎಲ್‌ಸಿ ತರಗತಿಯ ಮಾತು ಬೇರೆಯೇ. 625 ಅಂಕಗಳಲ್ಲಿ ದೈಹಿಕ ಶಿಕ್ಷಣದ್ದು ಒಂದೂ ಇಲ್ಲವಾದ್ದರಿಂದ ಡಿಸೆಂಬರ್ ಬಂತೆಂದರೆ ಹತ್ತನೇ ತರಗತಿಯ ಆಟದ ಅವಧಿಗಳು ಗಣಿತಕ್ಕೋ ವಿಜ್ಞಾನಕ್ಕೋ ಹೋಗುತ್ತವೆ. ಹದಿನೈದು ವರ್ಷದ ಮಗುವನ್ನು ಬೆಳಗಿನ ವಿಶೇಷ ತರಗತಿಯಿಂದ ಸಂಜೆಯ ಗುಂಪು ಅಧ್ಯಯನದವರೆಗೆ ಬೆಂಚಿನ ಮೇಲೆ ಕೂರಿಸಿ ಏಕಾಗ್ರತೆ ಇಲ್ಲವೆಂದು ದೂರುವುದು ಅನ್ಯಾಯ.

ಈಗ ನನ್ನ ಕೋರಿಕೆಗಳು. ಎಲ್ಲಕ್ಕಿಂತ ಮೊದಲು, ದೈಹಿಕ ಶಿಕ್ಷಣದ ಅವಧಿಯನ್ನು ಬೇರೆ ವಿಷಯಕ್ಕೆ ಬಳಸಬಾರದು, ಆ ಅವಧಿಯಲ್ಲಿ ಶಿಕ್ಷಕರನ್ನು ಮೈದಾನದಿಂದ ಕರೆಯಬಾರದು ಎಂದು ಸ್ಪಷ್ಟ ಸುತ್ತೋಲೆ ಹೊರಡಿಸಬೇಕು. ಜೊತೆಗೆ ಅವರ ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ಅವಧಿಗಳನ್ನಾದರೂ ಪಾಠದ ತಯಾರಿಗೆಂದು ಹೆಸರು ಬರೆದು ಮೀಸಲಿಡಬೇಕು. ತಯಾರಿಗೆ ಸಮಯ ಕೊಡದೆ ಯೋಜನೆಯ ಪುಸ್ತಕ ಕೇಳಿದರೆ ನಕಲು ಪುಸ್ತಕಗಳೇ ಬರುತ್ತವೆ. ನಾನು ಕೊಟ್ಟದ್ದೂ ಅದನ್ನೇ.

ಎರಡನೆಯದು ಎಲ್ಲಕ್ಕಿಂತ ಮುಖ್ಯವಾದದ್ದು ಎಂದು ನನ್ನ ಭಾವನೆ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಮತ್ತು ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆಗಳಾದ ಡಯಟ್‌ಗಳು ಮೈದಾನದಲ್ಲಿ ಕೆಲಸ ಮಾಡುತ್ತಿರುವ ಶಿಕ್ಷಕರನ್ನೇ ಕೂರಿಸಿಕೊಂಡು 1ರಿಂದ 10ನೇ ತರಗತಿಯವರೆಗೆ ಕನ್ನಡದಲ್ಲಿ ಒಂದೊಂದು ಪುಟದ ಪಾಠಗಳನ್ನು ಸಿದ್ಧಪಡಿಸಬೇಕು. ದೈಹಿಕ ಶಿಕ್ಷಣದ ಪಠ್ಯಪುಸ್ತಕಗಳು ಈಗಾಗಲೇ ಇವೆ, ಆದರೆ ಅವು ಅಂಕಣದ ಅಳತೆಯನ್ನೂ ಆಟದ ನಿಯಮವನ್ನೂ ಹೇಳುವಷ್ಟು ವಿವರವಾಗಿ 50 ಮಕ್ಕಳ ತರಗತಿಯನ್ನು 40 ನಿಮಿಷ ಹೇಗೆ ನಡೆಸಬೇಕೆಂದು ಹೇಳುವುದಿಲ್ಲ. ನಾನು ಕೇಳುತ್ತಿರುವ ಪುಟದಲ್ಲಿ ಆ ದಿನದ ಒಂದು ಉದ್ದೇಶ, ನಿಮಿಷಗಳ ಹಂಚಿಕೆ, ಮೈದಾನದ ಚಿತ್ರ, ಚೆಂಡು ಒಂದೇ ಇದ್ದರೆ ಏನು ಮಾಡಬೇಕು, ಜಾಗ ತರಗತಿ ಕೋಣೆಯಷ್ಟೇ ಇದ್ದರೆ ಏನು ಮಾಡಬೇಕು ಎಂಬುದು ಇರಬೇಕು. ಆಗುಂಬೆಯ ಜುಲೈ ಮಳೆಗೂ ರಾಯಚೂರಿನ ಮಾರ್ಚ್ ಬಿಸಿಲಿಗೂ ಒಂದೇ ವಾರ್ಷಿಕ ಯೋಜನೆಯನ್ನು ಕಳುಹಿಸಬಾರದು. ಮಳೆಯಲ್ಲಿ ವರಾಂಡದಲ್ಲಿ ಕುಂಟೆಬಿಲ್ಲೆಯ ಪಾಠ ಚೆನ್ನಾಗಿ ನಡೆಯುತ್ತದೆ, ಬಿಸಿಲಿನ ಊರುಗಳಲ್ಲಿ ಆಟದ ಅವಧಿಯನ್ನು ಬೆಳಿಗ್ಗೆಗೆ ತರಬೇಕಾಗುತ್ತದೆ. ತಿಂಡಿ ತಿನ್ನದೆ ಶಾಲೆಗೆ ಬರುವ ಮಕ್ಕಳಿರುವ ಕಡೆ ಆ ಬೆಳಗಿನ ಅವಧಿಯೂ ಹಾಲು ಕುಡಿದ ನಂತರವೇ ಇರಬೇಕು. ದೈಹಿಕ ಶಿಕ್ಷಣ ಶಿಕ್ಷಕರೇ ಇಲ್ಲದ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಒಂದರಿಂದ ಐದನೇ ತರಗತಿಯವರೆಗೆ ಒಬ್ಬಿಬ್ಬರೇ ನೋಡಿಕೊಳ್ಳುವ ನನ್ನ ಸಹೋದ್ಯೋಗಿ ತಾಯಂದಿರಿಗೆ ಇಂಥ ಪುಟಗಳು ಎಷ್ಟು ಆಸರೆಯಾಗುತ್ತವೆ ಎಂಬುದನ್ನು ನಾನು ಬಲ್ಲೆ. ಅವರಲ್ಲಿ ಹಲವರು ನನ್ನ ಪುಟಗಳನ್ನು ಜೆರಾಕ್ಸ್ ಮಾಡಿಸಿಕೊಂಡಿದ್ದಾರೆ.

ಹಣದ ವಿಚಾರದಲ್ಲಿ ಹೊಸ ಬೇಡಿಕೆ ಹೆಚ್ಚೇನಿಲ್ಲ. ಕೇಂದ್ರದ ‘ಸಮಗ್ರ ಶಿಕ್ಷಣ’ ಯೋಜನೆಯ ಕ್ರೀಡಾ ಅನುದಾನ ಪ್ರಾಥಮಿಕ ಶಾಲೆಗೆ 5,000, ಹಿರಿಯ ಪ್ರಾಥಮಿಕ ಶಾಲೆಗೆ 10,000, ಪ್ರೌಢಶಾಲೆಗೆ 25,000 ರೂಪಾಯಿಯವರೆಗೆ ಇದೆ. ಅದರಲ್ಲಿ ಕೇರಂ ಬೋರ್ಡನ್ನೋ ಎರಡು ದುಬಾರಿ ಚೆಂಡುಗಳನ್ನೋ ಕೊಂಡು ಬೀರುವಿನಲ್ಲಿ ಬೀಗ ಹಾಕಿಡುವ ಬದಲು, ಪಾಠಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಇಪ್ಪತ್ತು ಸಣ್ಣ ಚೆಂಡು, ಸ್ಕಿಪ್ಪಿಂಗ್ ಹಗ್ಗ, ರಿಂಗು, ಗುರುತಿನ ಕೋನುಗಳನ್ನು ಕೊಳ್ಳಲು ಶಾಲೆಗಳಿಗೂ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿಗೂ (ಎಸ್‌ಡಿಎಂಸಿ) ಸ್ವಾತಂತ್ರ್ಯ ಮತ್ತು ಸೂಚನೆ ಎರಡನ್ನೂ ಕೊಡಬೇಕು. ಮಕ್ಕಳಿಗೆ ಉಚಿತವಾಗಿ ಕೊಡುವ ಕಪ್ಪು ಶೂಗಳ ಬಗ್ಗೆಯೂ ಒಂದು ಮಾತು: ಅವು ತರಗತಿಗೆ ಸರಿ, ಓಟಕ್ಕೆ ಜಾರುತ್ತವೆ. ಮುಂದಿನ ಖರೀದಿಯಲ್ಲಿ ಅಡಿಭಾಗದ ಹಿಡಿತವನ್ನು ಗಮನಿಸಿದರೆ ಅದೇ ಜೋಡಿ ಎರಡಕ್ಕೂ ಆಗುತ್ತದೆ.

ತರಬೇತಿಯ ಕ್ರಮ ಬದಲಾಗಬೇಕು. ನಮಗೆ ಸಿಗುತ್ತಿದ್ದ ತರಬೇತಿಗಳಲ್ಲಿ ಬಹುಪಾಲು ತೀರ್ಪುಗಾರಿಕೆಯ ನಿಯಮಗಳಿಗೆ ಮೀಸಲಾಗಿರುತ್ತಿತ್ತು. ಕ್ಲಸ್ಟರ್ ಮಟ್ಟದಲ್ಲಿ ತಿಂಗಳಿಗೊಮ್ಮೆ ಒಬ್ಬ ಶಿಕ್ಷಕರು ನಿಜವಾದ ಮಕ್ಕಳಿಗೆ ಒಂದು ಪಾಠ ಮಾಡಲಿ, ಉಳಿದವರು ನೋಡಲಿ, ಬಳಿಕ ಒಟ್ಟಿಗೆ ಕುಳಿತು ಚರ್ಚಿಸಲಿ. ತಾಲ್ಲೂಕು ದೈಹಿಕ ಶಿಕ್ಷಣ ಪರಿವೀಕ್ಷಕರು ಶಾಲೆಗೆ ಬಂದಾಗ ದಾಖಲೆ ನೋಡುವ ಮುನ್ನ ಒಂದು ಪೂರ್ತಿ ಅವಧಿ ಕುಳಿತು, ನಾನು ಮಾಡಿದಂತೆ ಒಂದೇ ಮಗುವನ್ನು ಗಡಿಯಾರ ಹಿಡಿದು ನೋಡಲಿ. ಆ ಒಂದು ಸಂಖ್ಯೆ ಪದಕಗಳ ಪಟ್ಟಿಗಿಂತ ಹೆಚ್ಚು ಸತ್ಯ ಹೇಳುತ್ತದೆ. ಫಿಟ್ನೆಸ್ ಪರೀಕ್ಷೆಗಳನ್ನು ಜೂನ್‌ನಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ ಮಾಡಿ, ಮಗುವನ್ನು ಬೇರೆಯವರೊಡನೆ ಹೋಲಿಸದೆ ಅದರದೇ ಹಿಂದಿನ ಅಳತೆಯೊಡನೆ ಹೋಲಿಸಿ ಮುಂದಿನ ಪಾಠಗಳನ್ನು ಬದಲಿಸಿಕೊಳ್ಳುವಂತೆ ಸೂಚಿಸಬೇಕು.

ಖಾಲಿ ಹುದ್ದೆಗಳ ಭರ್ತಿ ಮತ್ತು ದೈಹಿಕ ಶಿಕ್ಷಣದ ಕುರಿತ ಪ್ರೊ. ಎಲ್.ಆರ್. ವೈದ್ಯನಾಥನ್ ಸಮಿತಿಯ ವರದಿಯ ಜಾರಿಗಾಗಿ ನಮ್ಮ ಸಂಘಟನೆಗಳು ವರ್ಷಗಳಿಂದ ಕೇಳುತ್ತಲೇ ಬಂದಿವೆ. ಅದನ್ನು ಇಲ್ಲಿ ಮತ್ತೆ ವಿವರಿಸುವುದಿಲ್ಲ. ಪಾಠ ಎಷ್ಟೇ ಚೆನ್ನಾಗಿ ಬರೆದಿದ್ದರೂ ಅದನ್ನು ಮಾಡಲು ಮೈದಾನದಲ್ಲಿ ಒಬ್ಬ ಮನುಷ್ಯ ಇರಲೇಬೇಕು ಎಂಬುದನ್ನು ಮಾತ್ರ ನೆನಪಿಸುತ್ತೇನೆ.

ನನ್ನ ಬಳಿ 14 ನೋಟ್ ಪುಸ್ತಕಗಳಿವೆ. ಒಂದೊಂದರಲ್ಲೂ ಎಡಪುಟದಲ್ಲಿ ಪಾಠ, ಬಲಪುಟದಲ್ಲಿ ಅಂದು ಏನು ಕೆಟ್ಟಿತು, ಯಾವ ಮಗು ಹಿಂದುಳಿಯಿತು, ಮುಂದಿನ ಸಲ ಏನು ಬದಲಿಸಬೇಕು ಎಂಬ ಮೂರು ಸಾಲು. ಕೆಲವು ಪುಟಗಳ ಮೇಲೆ ಮಳೆ ಹನಿ ಬಿದ್ದು ಶಾಯಿ ಹರಡಿದೆ, ಆದರೂ ಓದಬಹುದು. ಡಿಎಸ್‌ಇಆರ್‌ಟಿ ಇಂಥದ್ದೊಂದು ಕೆಲಸವನ್ನು ಕೈಗೆತ್ತಿಕೊಂಡರೆ ಅವೆಲ್ಲವನ್ನೂ ಒಪ್ಪಿಸಲು, ಕರೆದ ದಿನ ನನ್ನ ಸ್ವಂತ ಖರ್ಚಿನಲ್ಲಿ ಬೆಂಗಳೂರಿಗೆ ಬಂದು ಕೂರಲು ಸಿದ್ಧನಿದ್ದೇನೆ. ನನ್ನಂತೆ ಪುಸ್ತಕ ಬರೆದಿಟ್ಟ ಶಿಕ್ಷಕರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ, ಅವರನ್ನೂ ಕರೆಯಿರಿ. ಮೇ ತಿಂಗಳ ಕೊನೆಯಲ್ಲಿ ಶಾಲೆಗಳು ಮತ್ತೆ ತೆರೆಯುವ ಮುನ್ನ, ಕನಿಷ್ಠ ಆರನೇ ತರಗತಿಯ ಮೊದಲ ಮೂರು ತಿಂಗಳ ಪಾಠಗಳಾದರೂ ಶಿಕ್ಷಕರ ಕೈಸೇರುವಂತೆ ತಾವು ಆದೇಶಿಸಬೇಕೆಂದೂ, ಈ ಪತ್ರಕ್ಕೆ ಲಿಖಿತ ಉತ್ತರ ನೀಡಬೇಕೆಂದೂ ಗೌರವಪೂರ್ವಕವಾಗಿ ಕೋರುತ್ತೇನೆ.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ,
ಚಿತ್ರದುರ್ಗ ಜಿಲ್ಲೆ.